ತೋಟಕ್ಕೆ, ಕಾಡಿಗೆ ಇಳಿಯುವ ಜೀಪಿಗೆ ಸೆರಾಮಿಕ್ ಕೋಟಿಂಗ್, ಪಿಪಿಎಫ್ ಬೇಕಾ? ದುಡ್ಡು ಎಲ್ಲಿ ಹಾಕಬೇಕು?

ಹೊಸ ಥಾರ್ ಅಥವಾ ಜಿಮ್ನಿ ಬುಕ್ ಮಾಡಿದ ಗೆಳೆಯರು ಈಚೆಗೆ ಫೋನ್ ಮಾಡಿದರೆ ಕೇಳುವುದು ಇದನ್ನೇ. ಸೆರಾಮಿಕ್ ಮಾಡಿಸಲಾ, ಪಿಪಿಎಫ್ ಹಾಕಿಸಲಾ, ಇಲ್ಲ ಸುಮ್ನೆ ಬಿಡಲಾ? ಸೆರಾಮಿಕ್ ಅಂದರೆ ಬಣ್ಣದ ಮೇಲೆ ಹಚ್ಚುವ ಗಾಜಿನಂಥ ತೆಳು ಪದರ, ಪಿಪಿಎಫ್ ಅಂದರೆ ಬಣ್ಣ ಕಾಯಲು ಅಂಟಿಸುವ ಪೇಂಟ್ ಪ್ರೊಟೆಕ್ಷನ್ ಫಿಲ್ಮ್. ಶೋರೂಂನವರು ಡೆಲಿವರಿ ದಿನವೇ ಒಂದು ಪ್ಯಾಕೇಜ್ ಮುಂದಿಡುತ್ತಾರೆ. ಗಾಡಿಗೆ ಪಾಲಿಶ್, ಕೋಟಿಂಗ್ ಮಾಡುವ ಡಿಟೇಲಿಂಗ್ ಅಂಗಡಿಯವರು ಲಕ್ಷ ದಾಟುವ ಕೊಟೇಶನ್ ಕೊಡುತ್ತಾರೆ. ಮನೆಯಲ್ಲಿ ಅಪ್ಪ, "ಜೀಪಿಗೆ ಯಾಕೋ ಅದೆಲ್ಲ" ಎನ್ನುತ್ತಾರೆ. ಮೂವರ ಮಾತಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ, ಅದಕ್ಕೇ ತಲೆ ಕೆಡುವುದು.

ನಮ್ಮದು ಸಕಲೇಶಪುರದ ಕಡೆ ಕಾಫಿ ತೋಟ, ಸ್ವಲ್ಪ ಅಡಿಕೆಯೂ ಇದೆ. ಮನೆಯಲ್ಲಿ ಮೊದಲು ಮಹೀಂದ್ರ ಎಂಎಂ 540 ಇತ್ತು, ಈಗ 2021ರ ಥಾರ್. ಹಳೇ ಜೀಪು ಮಾರಿದ ದಿನ ಅದರ ಬಾನೆಟ್ ಮೇಲಿನ ಬಣ್ಣ ಇನ್ನೂ ಚೆನ್ನಾಗಿಯೇ ಇತ್ತು. ಆದರೆ ಡ್ರೈವರ್ ಕಾಲಿಡುವ ಜಾಗದ ತಗಡನ್ನು ತುಕ್ಕು ತಿಂದು ಕೆಳಗಿನ ನೆಲ ಕಾಣುತ್ತಿತ್ತು. ಅದನ್ನು ಕಣ್ಣಾರೆ ನೋಡಿದ ಮೇಲೆ ನನ್ನ ಲೆಕ್ಕಾಚಾರವೇ ಬದಲಾಯಿತು.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ನಿಜವಾಗಿ ಕೆಸರಿಗೆ ಇಳಿಯುವ ಗಾಡಿಯಾದರೆ ಮೊದಲ ದುಡ್ಡು ಅಡಿಭಾಗಕ್ಕೆ ಹೋಗಬೇಕು. ಎರಡನೆಯದು ಐದಾರು ಜಾಗಕ್ಕೆ ಮಾತ್ರ ಪಿಪಿಎಫ್. ಸೆರಾಮಿಕ್ ಆಮೇಲೆ, ಅದೂ ಗಾಡಿ ತೊಳೆಯುವ ಕೆಲಸ ಸುಲಭ ಆಗಲಿ ಅಂತಿದ್ದರೆ. ಇಡೀ ಗಾಡಿಗೆ ಪಿಪಿಎಫ್ ತೋಟದ ಜೀಪಿಗೆ ಬೇಡ.

ಯಾಕೆ ಎಂದು ಹಂತ ಹಂತವಾಗಿ ನೋಡೋಣ.

1. ಮೊದಲು ನಿಮ್ಮ ಜೀಪಿಗೆ ಪೆಟ್ಟು ಎಲ್ಲಿ ಬೀಳುತ್ತಿದೆ ಎಂದು ಗುರುತು ಹಾಕಿ

ಅಂಗಡಿಗೆ ಹೋಗುವ ಮುಂಚೆ ಇದನ್ನು ಮಾಡಿ. ಒಂದೆರಡು ತಿಂಗಳು ನಿಮ್ಮ ಮಾಮೂಲಿ ದಾರಿಯಲ್ಲಿ ಓಡಿಸಿ. ಆಮೇಲೆ ಚೆನ್ನಾಗಿ ತೊಳೆದು, ಒರೆಸಿ, ಸಂಜೆ ಓರೆ ಬಿಸಿಲಿಗೆ ನಿಲ್ಲಿಸಿ ಸುತ್ತ ಒಂದು ಸಲ ನಿಧಾನವಾಗಿ ನಡೆಯಿರಿ. ಗೀರು ಕಂಡಲ್ಲಿ ಮಾಸ್ಕಿಂಗ್ ಟೇಪಿನ ಒಂದು ತುಂಡು ಅಂಟಿಸಿ. ಮುಗಿದ ಮೇಲೆ ದೂರ ನಿಂತು ಒಂದು ಫೋಟೊ ತೆಗೆಯಿರಿ. ಟೇಪು ಎಲ್ಲಿ ಗುಂಪಾಗಿದೆಯೋ ಅದೇ ನಿಮ್ಮ ಉತ್ತರ.

ನಮ್ಮ ಥಾರ್‌ನಲ್ಲಿ ಬಾಗಿಲಿನ ಕೆಳಗಿನ ಅರ್ಧ, ಹಿಂದಿನ ಚಕ್ರದ ಮುಂದಿನ ಮೂಲೆ, ಬಾನೆಟ್‌ನ ಮುಂಗಡೆ ಅಂಚು, ಬಾಗಿಲಿನ ಹೊಸ್ತಿಲು, ಇಷ್ಟೇ ಕಡೆ ಟೇಪು ತುಂಬಿತ್ತು. ತೋಟದ ದಾರಿ ಜೀಪಿನಷ್ಟೇ ಅಗಲ. ಕಾಫಿ ಗಿಡದ ರೆಕ್ಕೆ (ಅಡ್ಡ ಕೊಂಬೆ) ಒದ್ದೆ ಇದ್ದಾಗ ಹೆಚ್ಚು ಏನೂ ಮಾಡುವುದಿಲ್ಲ, ಸವರಿ ಹೋಗುತ್ತದೆ. ಲಂಟಾನ, ಸೀಗೆ ಮುಳ್ಳು, ಬಿದಿರ ಮೆಳೆ ಹಾಗಲ್ಲ. ಹೊಸ್ತಿಲು ಹಾಳಾಗುವುದು ಗಮ್‌ಬೂಟಿನಿಂದ, ಅದನ್ನು ಯಾರೂ ಯೋಚನೆ ಮಾಡಿರುವುದಿಲ್ಲ.

ಈಗ ಪ್ರತಿ ಗೀರಿನ ಮೇಲೆ ಅಡ್ಡಲಾಗಿ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಳ್ಳದಿದ್ದರೆ ಅದು ಮೇಲ್ಪದರದ ಗೀರು, ಪಾಲಿಶ್‌ಗೆ ಹೋಗುತ್ತದೆ. ಸಿಕ್ಕಿಕೊಂಡರೆ ಆಳ ಇದೆ. ಬೂದು ಬಣ್ಣ ಕಂಡರೆ ಅದು ಪ್ರೈಮರ್, ಅಂದರೆ ಬಣ್ಣದ ಅಡಿಯ ಪದರ. ಕಬ್ಬಿಣ ಕಂಡರೆ ಅವತ್ತೇ ಏನಾದರೂ ಮಾಡಬೇಕು, ಅದನ್ನು ಕೊನೆಯಲ್ಲಿ ಹೇಳುತ್ತೇನೆ.

2. ದಪ್ಪದ ಲೆಕ್ಕ ಅರ್ಥ ಮಾಡಿಕೊಳ್ಳಿ, ಅರ್ಧ ಗೊಂದಲ ಅಲ್ಲೇ ಹೋಗುತ್ತದೆ

ಕಂಪನಿಯಿಂದ ಬರುವ ಬಣ್ಣ ಅಂದರೆ ತಗಡಿನ ಮೇಲೆ ನಾಲ್ಕು ಪದರ. ತುಕ್ಕು ತಡೆಯುವ ಮೊದಲ ಪದರ, ಪ್ರೈಮರ್, ಬಣ್ಣ, ಅದರ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್. ಎಲ್ಲ ಸೇರಿ ಸುಮಾರು 100ರಿಂದ 150 ಮೈಕ್ರಾನ್. ನಮ್ಮ ತಲೆಗೂದಲು 70 ಮೈಕ್ರಾನ್ ಆಸುಪಾಸು, ಅಂದರೆ ನಾಲ್ಕೂ ಪದರ ಸೇರಿದರೂ ಎರಡು ಕೂದಲಿನ ದಪ್ಪ. ಅದರಲ್ಲಿ ಕ್ಲಿಯರ್ ಕೋಟ್ ಸುಮಾರು 40 ಮೈಕ್ರಾನ್.

ಸೆರಾಮಿಕ್ ಕೋಟಿಂಗ್ ಇದರ ಮೇಲೆ ಸೇರಿಸುವುದು ಒಂದೋ ಎರಡೋ ಮೈಕ್ರಾನ್. ಪಿಪಿಎಫ್ 150ರಿಂದ 200 ಮೈಕ್ರಾನ್. ಈಗ ಬಿದಿರ ಮುಳ್ಳು ನೆನಪಿಸಿಕೊಳ್ಳಿ. ಎರಡು ಮೈಕ್ರಾನ್ ಗಾಜಿನಂಥ ಪದರ ಅದನ್ನು ತಡೆಯುತ್ತದಾ? ಸಾಧ್ಯವೇ ಇಲ್ಲ.

ಇಲ್ಲಿ ಒಂದು ಮಾತು. ಅಂಗಡಿಗಳಲ್ಲಿ "9ಎಚ್ ಗಟ್ಟಿತನ" ಎಂದು ಬೋರ್ಡ್ ಹಾಕಿರುತ್ತಾರೆ. ಅದು ಪೆನ್ಸಿಲ್ ಪರೀಕ್ಷೆಯ ಅಳತೆ. ಬೇರೆ ಬೇರೆ ಗಟ್ಟಿತನದ ಪೆನ್ಸಿಲ್ ಸೀಸದಿಂದ ಗೀಚಿ ನೋಡುವುದು, ಅದರಲ್ಲಿ 9ಎಚ್ ಅಂದರೆ ಅತಿ ಗಟ್ಟಿ ಪೆನ್ಸಿಲ್. ಕಲ್ಲಿನ ಗಟ್ಟಿತನ ಅಳೆಯುವ ಮಾಪನಕ್ಕೂ ಇದಕ್ಕೂ ಸಂಬಂಧ ಇಲ್ಲ. ಪೆನ್ಸಿಲ್ ಗೆದ್ದ ಪದರ ಮಣ್ಣಿನಲ್ಲಿರುವ ಮರಳಿನ ಹರಳಿನ ಮುಂದೆ ಗೆಲ್ಲುವುದಿಲ್ಲ.

3. ಒಂದೊಂದಾಗಿ ತೂಗಿ ನೋಡಿ

ಟೆಫ್ಲಾನ್ ಕೋಟಿಂಗ್ ಎಂದು ಮಾರುವುದನ್ನು ಬಿಟ್ಟುಬಿಡಿ. ಬಾಣಲೆಗೆ ಅದು ಅಂಟುವುದು 300 ಡಿಗ್ರಿಗೂ ಮೇಲೆ ಬೇಯಿಸಿದಾಗ. ಗಾಡಿಯ ಬಾನೆಟ್ಟನ್ನು ಯಾರೂ ಹಾಗೆ ಬೇಯಿಸುವುದಿಲ್ಲ, ಆದ್ದರಿಂದ ನಿಮಗೆ ಸಿಗುವುದು ಒಳ್ಳೆಯ ಪಾಲಿಶ್ ಅಷ್ಟೆ. ಅದನ್ನು ಮನೆಯಲ್ಲೇ ಒಂದು ಡಬ್ಬಿ ವ್ಯಾಕ್ಸ್ ತಂದು ಮಾಡಬಹುದು. ಎರಡು ಮೂರು ತಿಂಗಳಿಗೊಮ್ಮೆ ಹಚ್ಚುವ ತಾಳ್ಮೆ ಇದ್ದರೆ ವ್ಯಾಕ್ಸ್ ಒಳ್ಳೆಯದೇ.

ಸೆರಾಮಿಕ್ ಬಗ್ಗೆ ಅನ್ಯಾಯದ ಮಾತಾಡಬಾರದು. ಗೀರು ತಡೆಯದಿದ್ದರೂ ಅದು ಮಾಡುವ ಕೆಲಸ ನಿಜವಾದದ್ದು. ನೀರು ಮಣಿಯಾಗಿ ಜಾರುತ್ತದೆ, ಕೆಂಪು ಮಣ್ಣು ಗಟ್ಟಿಯಾಗಿ ಕಚ್ಚಿಕೊಳ್ಳುವುದಿಲ್ಲ, ಹಕ್ಕಿ ಹಿಕ್ಕೆ, ಹಲಸಿನ ಅಂಟು ಬಣ್ಣದೊಳಗೆ ಇಳಿಯುವ ಮುಂಚೆ ನಮಗೆ ಸ್ವಲ್ಪ ಸಮಯ ಸಿಗುತ್ತದೆ. ತೊಳೆಯುವಾಗ ಕಡಿಮೆ ಉಜ್ಜುತ್ತೇವೆ, ಕಡಿಮೆ ಉಜ್ಜಿದರೆ ಕಡಿಮೆ ಗೀರು. ಹಾಗಾಗಿ ಸುತ್ತಿ ಬಳಸಿ ಅದು ಬಣ್ಣ ಕಾಯುತ್ತದೆ. ಖರ್ಚು ಅಂಗಡಿ ನೋಡಿಕೊಂಡು ಸುಮಾರು 15,000ದಿಂದ 40,000 ರೂಪಾಯಿ. ವಾರಕ್ಕೊಮ್ಮೆ ತೊಳೆಯುವವರಿಗೆ ಇದು ಸರಿಹೋಗಬಹುದು. ಕೆಸರು ಮೆತ್ತಿಕೊಂಡು ಹದಿನೈದು ದಿನ ಶೆಡ್ಡಿನಲ್ಲಿ ನಿಲ್ಲುವ ಜೀಪಿಗೆ ದಂಡ.

ನಾನು ಮೊದಲು ಮಾಡಿಸಿದ್ದು ಸೆರಾಮಿಕ್. ಮೂರು ವಾರ ಕನ್ನಡಿಯ ಹಾಗಿತ್ತು. ಆಮೇಲೆ ಒಂದು ಭಾನುವಾರ ಲಂಟಾನ ಬೆಳೆದ ಹಳೇ ದಾರಿಯಲ್ಲಿ ಹೋಗಿ ಬಂದೆ. ಎರಡೂ ಕಡೆ ಬಾಗಿಲಿಗೆ ಉದ್ದುದ್ದ ಗೀರು. ತುಂಬಾ ಬೇಜಾರಾಯಿತು. ಅಂಗಡಿಯವರ ತಪ್ಪೇನಿಲ್ಲ, ಆ ವಸ್ತು ಆ ಕೆಲಸಕ್ಕೆ ಇರುವುದೇ ಅಲ್ಲ. ಯಾರಾದರೂ ಮೊದಲೇ ಹೇಳಿದ್ದರೆ ಚೆನ್ನಾಗಿತ್ತು ಎನಿಸಿತು, ಅದಕ್ಕೇ ಇಷ್ಟು ಬರೆಯುತ್ತಿರುವುದು.

ಪಿಪಿಎಫ್ ಅಂದರೆ ಪಾರದರ್ಶಕ ಫಿಲ್ಮ್, ಬಣ್ಣದ ಮೇಲೆ ಅಂಟಿಸುವುದು. ಒಳ್ಳೆಯದು ಟಿಪಿಯು ಎಂಬ ಪಾಲಿಯುರೇಥೇನ್ ಜಾತಿಯದು. ರಬ್ಬರಿನ ಹಾಗೆ ಹಿಗ್ಗುತ್ತದೆ, ಸಣ್ಣ ಕಲ್ಲು ಬಡಿದರೆ ಪೆಟ್ಟು ತಾನೇ ತಿನ್ನುತ್ತದೆ. ಕೊಂಬೆ ಸವರಿದ ಕೂದಲೆಳೆ ಗೀರುಗಳು ಬಿಸಿಲಿಗೆ ನಿಲ್ಲಿಸಿದರೆ ಅಥವಾ ಬಿಸಿ ನೀರು ಸುರಿದರೆ ಮಾಯವಾಗುತ್ತವೆ, ಇದನ್ನು ನಾನೇ ನೋಡಿದ್ದೇನೆ. ಟಿಪಿಎಚ್ ಎಂದು ಅರ್ಧ ಬೆಲೆಗೆ ಕೊಡುವುದು ಪಿವಿಸಿ ಜಾತಿಯದು, ಬೇಗ ಹಳದಿ ಆಗುತ್ತದೆ, ಗಟ್ಟಿಯಾಗುತ್ತದೆ, ತೆಗೆಯುವಾಗ ಅಂಟು ಅಲ್ಲೇ ಉಳಿಯುತ್ತದೆ. ಅದಕ್ಕಿಂತ ಏನೂ ಹಾಕದಿರುವುದು ಮೇಲು.

ಹಾಗಾದರೆ ಇಡೀ ಗಾಡಿಗೆ ಯಾಕೆ ಬೇಡ? ಒಳ್ಳೆಯ ಟಿಪಿಯು ಇಡೀ ಗಾಡಿಗೆ ಹಾಕಿಸಿದರೆ ಸಾಮಾನ್ಯವಾಗಿ ಒಂದು ಲಕ್ಷ ದಾಟುತ್ತದೆ. ಮುರಿದ ಕೊಂಬೆಯ ಚೂಪು ತುದಿ ಒತ್ತಿ ಎಳೆದರೆ ಫಿಲ್ಮ್ ಹರಿಯುತ್ತದೆ. ಹರಿದಲ್ಲಿ ಕೆಸರು ನುಗ್ಗಿ ಕಪ್ಪು ಗೆರೆ ಕೂರುತ್ತದೆ, ಆಗ ಆ ಇಡೀ ಭಾಗದ ಫಿಲ್ಮ್ ಬದಲಾಯಿಸಬೇಕು. ಅದೇ ದುಡ್ಡಿನಲ್ಲಿ ಊರಿನ ಒಳ್ಳೆಯ ಟಿಂಕರಿಂಗ್ ಶಾಪಿನಲ್ಲಿ ಎರಡೂ ಬಾಗಿಲು, ಮಡ್‌ಗಾರ್ಡು ಹಲವು ಸಲ ಪೇಂಟ್ ಮಾಡಿಸಬಹುದು. ಚಾವಣಿಗೆ, ಹಿಂಬಾಗಿಲಿಗೆ, ಕಿಟಕಿ ಮೇಲಿನ ಭಾಗಕ್ಕೆ ಯಾವ ಕಲ್ಲೂ ಬಡಿಯುವುದಿಲ್ಲ. ಟೇಪು ಅಂಟಿಸಿದ ಜಾಗಗಳಿಗೆ ಮಾತ್ರ ಹಾಕಿಸಿ. ಬಾನೆಟ್‌ನ ಮುಂಭಾಗ, ಬಾಗಿಲಿನ ಕೆಳ ಅರ್ಧ, ಬಾಗಿಲಿನ ಅಂಚು, ಹಿಡಿಕೆಯ ಒಳಬಟ್ಟಲು, ಹೊಸ್ತಿಲು, ಹಿಂದಿನ ಚಕ್ರದ ಮುಂದಿನ ಮೂಲೆ. ಇಷ್ಟಕ್ಕೆ ಇಡೀ ಗಾಡಿಯ ಖರ್ಚಿನ ಒಂದು ಸಣ್ಣ ಪಾಲು ಸಾಕು.

ಇನ್ನೊಂದಿದೆ, ಪಿಕಪ್ ಗಾಡಿಗಳ ತೊಟ್ಟಿಗೆ ಸಿಂಪಡಿಸುವ ದೊರಗು ಲೈನರ್. ಕೆಲವರು ಬಂಪರ್, ಹೊಸ್ತಿಲು, ಕೆಲವು ಸಲ ಇಡೀ ಬಾಡಿಗೂ ಹೊಡೆಸುತ್ತಾರೆ. ಗಟ್ಟಿತನದಲ್ಲಿ ಇದನ್ನು ಮೀರಿಸುವುದು ಕಷ್ಟ. ಆದರೆ ಒಮ್ಮೆ ಹೊಡೆಸಿದರೆ ತೆಗೆಯುವುದು ನರಕ, ಕೆಳಗೆ ತುಕ್ಕು ಹಿಡಿದರೂ ಕಾಣುವುದಿಲ್ಲ. ಸ್ಟೀಲ್ ಬಂಪರ್, ಹೊಸ್ತಿಲು, ಸಾಮಾನು ಹೇರುವ ಜಾಗ, ಇಲ್ಲಿಗೆ ನಿಲ್ಲಿಸಿ. ಇಡೀ ಬಾಡಿಗೆ ಬೇರೆ ಬಣ್ಣದ್ದು ಹೊಡೆಸಿದರೆ ಆರ್‌ಸಿಯಲ್ಲಿರುವ ಬಣ್ಣ ಬದಲಾದ ಹಾಗೆ, ಆರ್‌ಟಿಒಗೆ ತಿಳಿಸಿ ಬದಲಾಯಿಸಿಕೊಳ್ಳಬೇಕಾಗುತ್ತದೆ.

4. ಅಡಿಭಾಗ: ಇಲ್ಲಿ ಜಿಪುಣತನ ಬೇಡ

ಶೋರೂಂನಲ್ಲಿ "ಅಂಡರ್‌ಬಾಡಿ ಕೋಟಿಂಗ್" ಎಂದು ಕಪ್ಪಗೆ ಡಾಂಬರಿನ ಹಾಗೆ ಹೊಡೆಯುತ್ತಾರಲ್ಲ, ಅದು ಹೊಸ, ಒಣಗಿದ, ಶುದ್ಧ ತಗಡಿನ ಮೇಲೆ ಚೆನ್ನಾಗಿ ಕೂರುತ್ತದೆ. ಕಲ್ಲಿನ ಪೆಟ್ಟು ತಡೆಯುತ್ತದೆ, ಸದ್ದೂ ಕಡಿಮೆ ಮಾಡುತ್ತದೆ. ತೊಂದರೆ ಶುರುವಾಗುವುದು ವರ್ಷಗಳ ನಂತರ. ಒಣಗಿ ಬಿರುಕು ಬಿಡುತ್ತದೆ, ಬಿರುಕಿನೊಳಗೆ ನೀರು ಸೇರುತ್ತದೆ, ಸೇರಿದ ನೀರು ಹೊರಗೆ ಬರುವುದಿಲ್ಲ. ಮೇಲೆ ನೋಡಿದರೆ ಕಪ್ಪಗೆ ಚೆನ್ನಾಗಿಯೇ ಇರುತ್ತದೆ, ಒಳಗೆ ತಗಡು ಹಪ್ಪಳ.

ನನಗೆ ಇದರ ಅನುಭವ ಆಗಿದೆ. ಒಂದು ಮಳೆಗಾಲದ ಮಧ್ಯೆ ಒಂದು ಗ್ಯಾರೇಜಿನಲ್ಲಿ ತೊಳೆದ ದಿನವೇ ಸಂಜೆ ಕೋಟಿಂಗ್ ಹೊಡೆದು ಕೊಟ್ಟರು. ಆಮೇಲೆ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿದರೆ ಸಿಪ್ಪೆಯ ಹಾಗೆ ಎದ್ದು ಬಂತು, ಕೆಳಗೆ ಒದ್ದೆ ಮಣ್ಣು, ಅದರ ಕೆಳಗೆ ಕೆಂಪು ತುಕ್ಕು. ಚಾಸಿಯ ಒಂದು ಭಾಗ ಪೂರ್ತಿ ಕೆರೆದು ಮತ್ತೆ ಮಾಡಿಸಬೇಕಾಯಿತು.

ಆಗಿನಿಂದ ಹೀಗೆ ಮಾಡುತ್ತಿದ್ದೇನೆ. ಮಳೆ ನಿಂತ ಮೇಲೆ ರ‍್ಯಾಂಪಿಗೆ ಹತ್ತಿಸಿ ವಾಟರ್ ಸರ್ವಿಸ್ ಮಾಡಿಸುತ್ತೇನೆ, ಚಾಸಿಯ ಒಳಗಿನ ಟೊಳ್ಳಿಗೂ ಪೈಪು ತೂರಿಸಿ ಕೆಂಪು ನೀರು ನಿಲ್ಲುವ ತನಕ ನೀರು ಬಿಡಲು ಹೇಳುತ್ತೇನೆ. ನಂತರ ಎರಡು ಮೂರು ದಿನ ಒಳ್ಳೆಯ ಬಿಸಿಲು. ತುಕ್ಕು ಕಂಡಲ್ಲಿ ತಂತಿ ಬ್ರಷ್, ಉಳಿದ ತುಕ್ಕಿನ ಮೇಲೆ ಹಚ್ಚುವ ರಸ್ಟ್ ಕನ್ವರ್ಟರ್ ದ್ರಾವಣ, ಎಪಾಕ್ಸಿ ಪ್ರೈಮರ್. ಅದರ ಮೇಲೆ ವ್ಯಾಕ್ಸ್ ಅಥವಾ ಕುರಿ ಉಣ್ಣೆಯ ಜಿಡ್ಡಿನಿಂದ ಮಾಡುವ ಲ್ಯಾನೊಲಿನ್ ಜಾತಿಯ ಸ್ಪ್ರೇ. ಇದು ಗಟ್ಟಿಯಾಗುವುದಿಲ್ಲ, ಮೆತ್ತಗೇ ಇದ್ದು ಸಂದಿಗಳಿಗೆ ಹರಿದು ಹೋಗುತ್ತದೆ, ಗೀರಿದರೂ ಸುತ್ತಲಿನದು ಬಂದು ಮುಚ್ಚುತ್ತದೆ. ಆದರೆ ಪ್ರತಿ ವರ್ಷ ಮತ್ತೆ ಹೊಡೆಯಬೇಕು. ಚಕ್ರದ ಬಾವಿಯಲ್ಲಿ (ಚಕ್ರ ಕೂರುವ ಗೂಡಿನಲ್ಲಿ) ಕೆಸರು ಅದನ್ನು ಬೇಗ ತೊಳೆದುಬಿಡುವುದರಿಂದ ಅಲ್ಲಿ ಮಾತ್ರ ರಬ್ಬರ್ ಜಾತಿಯದು ಸರಿ. ಚಾಸಿಯ ಒಳಟೊಳ್ಳಿಗೆ ಉದ್ದ ನಳಿಕೆಯಿಂದ ವ್ಯಾಕ್ಸ್.

ಎರಡು ಎಚ್ಚರಿಕೆ. ಬಾಗಿಲಿನ ಅಡಿ, ಹೊಸ್ತಿಲಿನ ಅಡಿ, ಚಾಸಿಯ ಅಡಿಯಲ್ಲಿ ನೀರು ಹೋಗುವ ಸಣ್ಣ ತೂತುಗಳಿರುತ್ತವೆ, ಅವು ಕೋಟಿಂಗ್‌ನಲ್ಲಿ ಮುಚ್ಚಿಹೋಗಬಾರದು. ಮತ್ತೆ, ಹಳೇ ಎಂಜಿನ್ ಆಯಿಲ್ ಅಡಿಗೆ ಬಳಿಯುವ ಅಭ್ಯಾಸ ನಮ್ಮ ಕಡೆ ಇನ್ನೂ ಇದೆ. ದಯವಿಟ್ಟು ಬೇಡ. ರಬ್ಬರ್ ಬುಷ್ ಉಬ್ಬಿ ಹಾಳಾಗುತ್ತದೆ, ಬ್ರೇಕಿಗೆ ತಾಗಿದರೆ ಅಪಾಯ, ಮಳೆ ನೀರಿನ ಜೊತೆ ಹರಿದು ತೋಟಕ್ಕೆ, ಹಳ್ಳಕ್ಕೆ ಸೇರುತ್ತದೆ.

ನೆಲದ ಮ್ಯಾಟ್ ಕೆಳಗೂ ನೋಡಿ. ಥಾರ್‌ನಲ್ಲಿ ನೆಲಕ್ಕೆ ಡ್ರೈನ್ ಪ್ಲಗ್ ಇದೆ, ಒಳಗೆ ತೊಳೆದ ಮೇಲೆ ಅದನ್ನು ತೆಗೆದು ನೀರು ಹೋಗಲು ಬಿಡಿ. ನಮ್ಮ ಹಳೇ ಜೀಪಿನ ತಗಡು ಹೋಗಿದ್ದು ಮ್ಯಾಟ್ ಕೆಳಗೆ ವರ್ಷಾನುಗಟ್ಟಲೆ ನಿಂತ ತೇವದಿಂದ.

5. ಬೋರ್ಡೋ ಮತ್ತು ಗೊಬ್ಬರ

ಇದನ್ನು ಯಾವ ಡಿಟೇಲಿಂಗ್ ಅಂಗಡಿಯವರೂ ಹೇಳುವುದಿಲ್ಲ, ಯಾಕೆಂದರೆ ಅವರು ಪೇಟೆಯವರು. ಬೋರ್ಡೋ ಅಂದರೆ ಗಿಡಗಳ ಶಿಲೀಂಧ್ರ ರೋಗಕ್ಕೆ ಹೊಡೆಯುವ ದ್ರಾವಣ. ಶೇಕಡಾ 1ರ ಬೋರ್ಡೋ ಅಂದರೆ ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ, 100 ಲೀಟರ್ ನೀರು. ಅಡಿಕೆಗೆ ಹೊಡೆಯುವಾಗ ಕೆಳಗೆ ನಿಲ್ಲಿಸಿದ ಜೀಪಿಗೆ ಸೋನೆಯ ಹಾಗೆ ಬೀಳುತ್ತದೆ. ದ್ರಾವಣ ಹದ ಆಗಿದೆಯಾ ಎಂದು ಕತ್ತಿಯ ತುದಿ ಅದ್ದಿ ನೋಡುತ್ತೇವಲ್ಲ, ಕಬ್ಬಿಣದ ಮೇಲೆ ತಾಮ್ರದ ಕೆಂಪು ಕೂತರೆ ಇನ್ನೂ ಸುಣ್ಣ ಬೇಕು ಅಂತ. ಅದೇ ಕ್ರಿಯೆ ನಿಮ್ಮ ಜೀಪಿನಲ್ಲಿ ಬಣ್ಣ ಕಿತ್ತುಹೋದ ಜಾಗದಲ್ಲೂ ನಡೆಯುತ್ತದೆ. ಕೂತ ತಾಮ್ರದ ಪಕ್ಕದ ಕಬ್ಬಿಣ ಬೇಗ ತುಕ್ಕಾಗುತ್ತದೆ. ಬಣ್ಣದ ಮೇಲೆ ಬಿದ್ದ ಸುಣ್ಣ ಒಣಗಿದರೆ ಬಿಳಿ ಕಲೆ ಕಚ್ಚುತ್ತದೆ.

ಸ್ಪ್ರೇ ದಿನ ಜೀಪು ದೂರ ನಿಲ್ಲಿಸಿ. ಆಗದಿದ್ದರೆ ಟಾರ್ಪಾಲ್ ಹೊದಿಸಿ. ಬಿದ್ದರೆ ಅವತ್ತೇ ಧಾರಾಳ ನೀರು ಬಿಡಿ, ಉಜ್ಜಬೇಡಿ. ಒಣಗಿದ ಕಲೆಗೆ ನೀರು ಬೆರೆಸಿದ ವಿನಿಗರ್ ಹಚ್ಚಿ ಒಂದೆರಡು ನಿಮಿಷ ಬಿಟ್ಟು ತೊಳೆಯಿರಿ. ಸೆರಾಮಿಕ್ ಇದ್ದ ಗಾಡಿಯಲ್ಲಿ ಈ ಕಲೆ ಸುಲಭಕ್ಕೆ ಬಿಡುತ್ತದೆ, ಇದು ಅದರ ಪರವಾಗಿ ಹೇಳಲೇಬೇಕಾದ ಮಾತು.

ಗೊಬ್ಬರದ ಚೀಲ ಜೀಪಿನಲ್ಲಿ ಹಾಕುವವರು ಪೊಟ್ಯಾಷ್ ಬಗ್ಗೆ ಹುಷಾರಾಗಿರಿ. ಕೆಂಪಗಿನ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಅಂದರೆ ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ಅಣ್ಣ ತಮ್ಮ. ಒಂದು ಮುಷ್ಟಿ ಚೆಲ್ಲಿ ಸಂದಿಯಲ್ಲಿ ಉಳಿದು ತೇವ ತಾಗಿದರೆ ಕಡಲ ತೀರದಲ್ಲಿ ನಿಲ್ಲಿಸಿದ ಹಾಗೇ. ಮಂಗಳೂರು, ಉಡುಪಿ ಕಡೆಯವರಿಗೆ ಉಪ್ಪು ಗಾಳಿಯ ತುಕ್ಕು ಹೊಸದಲ್ಲ, ಘಟ್ಟದ ಮೇಲಿನವರು ಅದನ್ನು ಚೀಲದಲ್ಲಿ ಮನೆಗೆ ತರುತ್ತಿದ್ದೇವೆ.

6. ಮಾಡಿಸುವುದೇ ಆದರೆ ಯಾವಾಗ, ಏನು ಕೇಳಬೇಕು

ಜೂನ್‌ನಿಂದ ಸೆಪ್ಟೆಂಬರ್ ತನಕ ಬೇಡ. ಸೆರಾಮಿಕ್ ಹಾಕಿದ ಮೇಲೆ ಮೊದಲ 24 ಗಂಟೆ ನೀರು ತಾಗಬಾರದು, ಸುಮಾರು ಒಂದು ವಾರ ಶಾಂಪೂ ಬೇಡ. ಪಿಪಿಎಫ್ ಅಡಿಯಲ್ಲಿ ಉಳಿದ ನೀರು ಆರಲೂ ಕೆಲವು ದಿನ ಬೇಕು. ನವೆಂಬರ್ ಒಳ್ಳೆಯ ಕಾಲ.

ಫಿಲ್ಮ್ ಟಿಪಿಯುವಾ ಎಂದು ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಅಂಚನ್ನು ಬಾಗಿಲಿನ ಒಳಕ್ಕೆ ಮಡಚುತ್ತಾರಾ, ಇಲ್ಲ ಅಂಚಿಗೆ ಕತ್ತರಿಸಿ ನಿಲ್ಲಿಸುತ್ತಾರಾ? ಮಡಚಿದರೆ ಕೆಸರು ಅಂಚು ಎಬ್ಬಿಸುವುದಿಲ್ಲ. ಗಾಡಿಯ ಮೇಲೆ ಬ್ಲೇಡಿನಲ್ಲಿ ಕತ್ತರಿಸುವವರಾದರೆ ನಾನು ಕೊಡುವುದಿಲ್ಲ, ಬಣ್ಣಕ್ಕೇ ಗೀರು ಬೀಳುವ ಭಯ. ವಾರಂಟಿ ಕಾಗದದಲ್ಲಿ ಆಫ್‌ರೋಡ್ ಬಳಕೆಗೆ ಅನ್ವಯಿಸುತ್ತದಾ ಎಂದು ಓದಿ. ಹೊಸದಾಗಿ ಪೇಂಟ್ ಮಾಡಿಸಿದ ಭಾಗಕ್ಕೆ ಕನಿಷ್ಠ ಒಂದು ತಿಂಗಳು ಏನೂ ಹಾಕಿಸಬೇಡಿ, ಬಣ್ಣದೊಳಗಿನ ಥಿನ್ನರ್ ಆವಿಯಾಗಿ ಹೋಗಬೇಕು.

ಕೋಟಿಂಗ್ ಮುಂಚೆ ಪಾಲಿಶ್ ಮಾಡುತ್ತಾರೆ. ಪ್ರತಿ ಪಾಲಿಶ್ ಅಂದರೆ ಆ 40 ಮೈಕ್ರಾನ್‌ನಲ್ಲಿ ಸ್ವಲ್ಪ ತೆಗೆಯುವುದು. ವರ್ಷಕ್ಕೆರಡು ಸಲ ಮೆಷಿನ್ ಪಾಲಿಶ್ ಮಾಡಿಸುವವರ ಗಾಡಿ ಹೊಳೆಯುತ್ತಾ ಹೊಳೆಯುತ್ತಾ ತೆಳುವಾಗುತ್ತದೆ. ಕಾಡಿಗೆ ಹೋಗುವ ಗಾಡಿಗೆ ಸಣ್ಣ ಗೀರು ಇರಲಿ ಬಿಡಿ.

7. ತೊಳೆಯುವ ರೀತಿ

ಒಣಗಿದ ಕೆಂಪು ಮಣ್ಣನ್ನು ಬಟ್ಟೆಯಲ್ಲಿ ಒರೆಸುವುದು ಅಂದರೆ ಉಪ್ಪು ಕಾಗದ ಉಜ್ಜಿದ ಹಾಗೆ, ಅದರಲ್ಲಿ ಮರಳಿನ ಹರಳು ಇರುತ್ತದೆ. ಮೊದಲು ಅಡಿಭಾಗ ಮತ್ತು ಚಕ್ರದ ಬಾವಿ ತೊಳೆಯಿರಿ, ಇಲ್ಲದಿದ್ದರೆ ತೊಳೆದ ಬಾಡಿಗೆ ಮತ್ತೆ ಕೆಸರು ಹಾರುತ್ತದೆ. ನಂತರ ಬಾಡಿಗೆ ನೀರು ಬಿಟ್ಟು ಹತ್ತು ನಿಮಿಷ ನೆನೆಯಲು ಬಿಡಿ. ಮತ್ತೆ ನೀರು. ಆಮೇಲಷ್ಟೇ ಶಾಂಪೂ, ಎರಡು ಬಕೆಟ್, ಒಂದು ಸೋಪಿನದು, ಇನ್ನೊಂದು ಬಟ್ಟೆ ಜಾಲಾಡಲು. ಬಟ್ಟೆ ಒಗೆಯುವ ಪುಡಿ, ಪಾತ್ರೆ ತೊಳೆಯುವ ಲಿಕ್ವಿಡ್ ಬೇಡ, ವ್ಯಾಕ್ಸ್ ಪೂರ್ತಿ ಕಿತ್ತು ಹಾಕುತ್ತದೆ. ಪ್ರೆಶರ್ ಗನ್ ಪಿಪಿಎಫ್ ಅಂಚಿಗೆ ನೇರ ಹಿಡಿಯಬೇಡಿ.

8. ಕಬ್ಬಿಣ ಕಂಡ ಗೀರಿಗೆ

ಗಾಡಿಯ ಬಣ್ಣದ ಕೋಡ್ ನೋಡಿಕೊಂಡು ಒಂದು ಟಚ್‌ಅಪ್ ಬಾಟಲಿ ತಂದು ಮನೆಯಲ್ಲಿಡಿ. ಕಬ್ಬಿಣ ಕಂಡ ದಿನವೇ ಅಲ್ಲಿ ತೊಳೆದು ಒಣಗಿಸಿ. ತುಕ್ಕು ಇದ್ದರೆ ಸಣ್ಣ ಉಪ್ಪು ಕಾಗದದ ಚೂರಿನಿಂದ ಅಷ್ಟೇ ಜಾಗ ಕೆರೆಯಿರಿ. ಎಪಾಕ್ಸಿ ಪ್ರೈಮರ್ ಒಂದು ಹನಿ ಬೆಂಕಿಕಡ್ಡಿಯ ಹಿಂತುದಿಯಿಂದ ಇಡಿ. ಗೇಟಿಗೆ ಬಳಿಯುವ ರೆಡ್ ಆಕ್ಸೈಡ್ ಬೇರೇನೂ ಇಲ್ಲದಾಗ ತಾತ್ಕಾಲಿಕಕ್ಕೆ ಆಗಬಹುದು. ಒಣಗಿದ ಮೇಲೆ ಬಣ್ಣ, ಒಂದೇ ಸಲ ದಪ್ಪಗೆ ಹಾಕದೆ ಎರಡು ಮೂರು ತೆಳು ಸಲ. ಮರುದಿನ ಕ್ಲಿಯರ್. ಹತ್ತಿರದಿಂದ ನೋಡಿದರೆ ಚುಕ್ಕೆ ಕಾಣುತ್ತದೆ, ಪರವಾಗಿಲ್ಲ, ತುಕ್ಕು ನಿಂತಿತು ಅಲ್ವಾ.

ಸಣ್ಣ ಗೀರಿಗೆಲ್ಲ ಇನ್ಶೂರೆನ್ಸ್ ಕ್ಲೇಮಿಗೆ ಓಡಬೇಡಿ. ಕ್ಲೇಮ್ ಮಾಡದಿದ್ದರೆ ಸಿಗುವ ನೋ ಕ್ಲೇಮ್ ಬೋನಸ್ ಮೊದಲ ವರ್ಷ 20 ಪರ್ಸೆಂಟ್‌ನಿಂದ ಶುರುವಾಗಿ 50ರ ತನಕ ಏರುತ್ತದೆ, ಒಂದು ಬಾಗಿಲಿನ ಪೇಂಟಿಗಾಗಿ ಅದನ್ನು ಕಳೆದುಕೊಳ್ಳುವುದು ನಷ್ಟ. ಮಳೆಗಾಲ ಪೂರ್ತಿ ಗೀರುಗಳಿಗೆ ಟಚ್‌ಅಪ್ ಹಾಕಿಕೊಂಡು ಬನ್ನಿ. ನವೆಂಬರ್‌ನಲ್ಲಿ ಹೇಗೂ ಅಡಿಭಾಗದ ಕೆಲಸಕ್ಕೆ ಬಿಡುತ್ತೀರಲ್ಲ, ಆಗ ನಿಜವಾಗಿ ಕೆಟ್ಟಿರುವ ಒಂದೋ ಎರಡೋ ಭಾಗವನ್ನು ಒಟ್ಟಿಗೇ ಪೇಂಟ್ ಮಾಡಿಸಿ.